ರಸ್ತೆಯಲ್ಲಿ ಬಿದ್ದವರನ್ನು ಎತ್ತಿದರೆ ಕೇಸು ನಮ್ಮ ಮೇಲೆ ಬೀಳುತ್ತದಾ?

ಜೋರು ಮಳೆ, ಸಂಜೆ ಏಳರ ಹೊತ್ತು. ತಿರುವಿನಲ್ಲಿ ಬೈಕೊಂದು ಸ್ಕಿಡ್ ಆಗಿ ಸವಾರ ರಸ್ತೆ ಬದಿಗೆ ಬಿದ್ದಿದ್ದಾನೆ. ಶಬ್ದ ಮೊದಲು ಕೇಳಿಸುವುದು ಪಕ್ಕದ ಅಂಗಡಿಯವರಿಗೆ, ಸ್ಟ್ಯಾಂಡಿನಲ್ಲಿರುವ ರಿಕ್ಷಾದವರಿಗೆ. ಓಡಿ ಹೋಗಬೇಕು ಎಂದು ಕಾಲು ಎದ್ದರೂ ಪಕ್ಕದಿಂದ ಒಂದು ಮಾತು ಬಂದೇ ಬರುತ್ತದೆ: "ನಮಗೆ ಯಾಕೆ ಮಾರಾಯ್ರೆ ಇಲ್ಲದ ಉಪದ್ರ? ನಾಳೆ ಸ್ಟೇಷನ್ನು, ಕೋರ್ಟು ಅಂತ ಅಲೆಯುವವರು ಯಾರು?"

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಈ ಮಾತು ಕೇಳದ ಪೇಟೆ ಇಲ್ಲ. ಬಿ.ಸಿ.ರೋಡ್, ಮೆಲ್ಕಾರ್, ಕಲ್ಲಡ್ಕ, ಮಾಣಿ ಮೂಲಕ ಬೆಂಗಳೂರು ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75, ಪುಂಜಾಲಕಟ್ಟೆ, ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುವ ಹೆದ್ದಾರಿ 73, ಮಂಗಳೂರಿನಿಂದ ಮೂಡುಬಿದಿರೆಯಾಗಿ ಕಾರ್ಕಳಕ್ಕೆ ಹೋಗುವ ಹೆದ್ದಾರಿ 169. ಮೂರೂ ನಮ್ಮ ಅಂಗಡಿಗಳ ಎದುರೇ ಹಾದು ಹೋಗುತ್ತವೆ. ದೊಡ್ಡ ಪೆಟ್ಟಾದರೆ ಕೊನೆಗೆ ಮಂಗಳೂರಿಗೇ ಸಾಗಿಸಬೇಕು. ಅಲ್ಲಿಯವರೆಗೆ ಜೀವ ಹಿಡಿದಿಡುವುದು ಮೊದಲ ಹತ್ತು ನಿಮಿಷ ಹತ್ತಿರ ಇದ್ದವರು. ಹಾಗಾಗಿ ಮೇಲಿನ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿರುವುದು ಒಳ್ಳೆಯದು.

ಮೊದಲು ಉತ್ತರ

ಇಲ್ಲ, ಕೇಸು ಬೀಳುವುದಿಲ್ಲ. ಹಣದ ಆಸೆ ಇಲ್ಲದೆ, ಒಳ್ಳೆಯ ಮನಸ್ಸಿನಿಂದ ಅಪಘಾತದ ಗಾಯಾಳುವಿಗೆ ನೆರವಾದವರ ಮೇಲೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. ಹೆಸರು ಹೇಳಿ ಎಂದು ಪೊಲೀಸರು ಒತ್ತಾಯ ಮಾಡುವಂತಿಲ್ಲ. ದುಡ್ಡು ಕಟ್ಟಿ ಎಂದು ಆಸ್ಪತ್ರೆಯವರು ನಿಲ್ಲಿಸುವಂತಿಲ್ಲ. ಇದು ಯಾರದೋ ಭರವಸೆಯ ಮಾತಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಂ, ಅದರಡಿ ಬಂದ 2020ರ ಕೇಂದ್ರ ನಿಯಮಗಳು, ಸುಪ್ರೀಂ ಕೋರ್ಟಿನ 2016ರ ಆದೇಶ ಮತ್ತು ಕರ್ನಾಟಕದ್ದೇ ಆದ ಒಂದು ಕಾಯ್ದೆ, ಇಷ್ಟೂ ಇದರ ಹಿಂದೆ ಇವೆ.

ಹೀಗೆ ನೆರವಾದವರನ್ನು ಕಾನೂನಿನ ಭಾಷೆಯಲ್ಲಿ 'ಗುಡ್ ಸಮಾರಿಟನ್' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಸಂಬಂಧ ಇಲ್ಲದಿದ್ದರೂ ಕಷ್ಟಕ್ಕೆ ಆದವರು.

ಹೆದರಿಕೆ ಎಲ್ಲಿಂದ ಬಂತು, ಕಾನೂನು ಹೇಗೆ ಬಂತು

ಹೆದರಿಕೆಗೆ ಕಾರಣ ಇಲ್ಲದೇ ಇಲ್ಲ. ಹಿಂದೆ ಗಾಯಾಳುವನ್ನು ತಂದವರನ್ನೇ ಗಂಟೆಗಟ್ಟಲೆ ಕೂರಿಸುವುದು, "ಗುದ್ದಿದ್ದು ನೀವೇನಾ?" ಎಂದು ಕೇಳುವುದು, ವರ್ಷಗಳ ನಂತರ ಸಾಕ್ಷಿ ಹೇಳಲು ಸಮನ್ಸ್ ಬರುವುದು ಮಾಮೂಲಾಗಿತ್ತು. 'ಇದು ಪೊಲೀಸ್ ಕೇಸು, ಬೇರೆ ಆಸ್ಪತ್ರೆಗೆ ಹೋಗಿ' ಎಂದು ವಾಪಸ್ ಕಳುಹಿಸುವುದೂ ಇತ್ತು. ಇಂಥದ್ದೇ ಒಂದು ಪ್ರಕರಣದಲ್ಲಿ ಸ್ಕೂಟರ್ ಸವಾರನೊಬ್ಬನನ್ನು ಸುಮಾರು 20 ಕಿಲೋಮೀಟರ್ ದೂರದ ಆಸ್ಪತ್ರೆಗೆ ಕಳುಹಿಸಿ, ಆತ ದಾರಿಯಲ್ಲೇ ತೀರಿಕೊಂಡಿದ್ದ. ಅದು ಸುಪ್ರೀಂ ಕೋರ್ಟ್ ತನಕ ಹೋಯಿತು. ಪರಮಾನಂದ ಕಟಾರಾ ಪ್ರಕರಣ ಎಂದೇ ಹೆಸರಾದ 1989ರ ಆ ತೀರ್ಪಿನಲ್ಲಿ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಸರ್ಕಾರಿ ಇರಲಿ, ಖಾಸಗಿ ಇರಲಿ, ಮೊದಲು ಜೀವ ಉಳಿಸುವ ಚಿಕಿತ್ಸೆ. ಪೊಲೀಸ್ ಕಾಗದಪತ್ರ ಆಮೇಲೆ.

ಅದು ವೈದ್ಯರಿಗೆ ಹೇಳಿದ ಮಾತು. ರಸ್ತೆಯಲ್ಲಿ ನಿಂತವರ ಹೆದರಿಕೆ ಹಾಗೇ ಉಳಿಯಿತು. 2013ರಲ್ಲಿ ಸೇವ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆ ದೇಶದ ಹಲವು ನಗರಗಳಲ್ಲಿ ಜನರನ್ನು ಕೇಳಿದಾಗ, ಶೇ. 74 ಮಂದಿ ತಾವು ಗಾಯಾಳುವಿನ ನೆರವಿಗೆ ಹೋಗುವುದು ಅನುಮಾನ ಎಂದಿದ್ದರು. ಅವರಲ್ಲಿ ಶೇ. 88 ಮಂದಿ ಕೊಟ್ಟ ಕಾರಣ ಪೊಲೀಸ್, ಕೋರ್ಟ್ ತಾಪತ್ರಯ. ಇದೇ ಸಂಸ್ಥೆ 2012ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅದರ ಫಲವಾಗಿ ಕೇಂದ್ರ ಸರ್ಕಾರ 2015ರ ಮೇ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿತು. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಅದನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿತು.

ಕರ್ನಾಟಕ ಒಂದು ಹೆಜ್ಜೆ ಮುಂದೆ ಹೋಗಿ 2016ರಲ್ಲಿ ತನ್ನದೇ ಗುಡ್ ಸಮಾರಿಟನ್ ಮತ್ತು ವೈದ್ಯಕೀಯ ವೃತ್ತಿಪರರ ರಕ್ಷಣಾ ಮಸೂದೆ ಮಾಡಿತು. ಆದರೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 2018ರಲ್ಲಿ. ಈ ನಡುವೆ, 2017ರ ಫೆಬ್ರವರಿಯಲ್ಲಿ, ಕೊಪ್ಪಳದಲ್ಲಿ ಬಸ್ಸಿನಡಿ ಸಿಕ್ಕಿದ 18 ವರ್ಷದ ಯುವಕ ರಕ್ತದ ಮಡುವಿನಲ್ಲಿ ನೆರವಿಗಾಗಿ ಅಂಗಲಾಚುತ್ತಿದ್ದರೆ ಸುತ್ತ ನಿಂತವರು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು. ಆ ಹುಡುಗ ಉಳಿಯಲಿಲ್ಲ. ಆ ವಿಡಿಯೊವನ್ನು ನಮ್ಮಲ್ಲೂ ಬಹಳ ಮಂದಿ ನೋಡಿದ್ದಾರೆ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 134ಎ ಕಲಂ ಸೇರಿತು. 2020ರ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ.

ಯಾರಿಗೆ ಈ ರಕ್ಷಣೆ ಇದೆ, ಯಾರಿಗೆ ಇಲ್ಲ

ಸ್ಥಳದಲ್ಲೇ ಪ್ರಥಮ ಚಿಕಿತ್ಸೆ ಕೊಟ್ಟವರು, ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿದವರು, ಬೇರೆ ರೀತಿಯಲ್ಲಿ ನೆರವಾದವರು ಎಲ್ಲರೂ ಇದರಲ್ಲಿ ಬರುತ್ತಾರೆ. ತರಬೇತಿ ಆಗಿರಬೇಕು ಎಂದಿಲ್ಲ. ಎತ್ತುವಾಗ ಗೊತ್ತಿಲ್ಲದೆ ಹೆಚ್ಚುಕಮ್ಮಿಯಾಗಿ ಗಾಯ ಜಾಸ್ತಿಯಾದರೂ, ಗಾಯಾಳು ತೀರಿಕೊಂಡರೂ, ಅದಕ್ಕೆ ನೀವು ಹೊಣೆಯಲ್ಲ. ಕಲಂ 134ಎ ಇದನ್ನು ನೇರವಾಗಿಯೇ ಹೇಳುತ್ತದೆ.

ರಕ್ಷಣೆ ಇಲ್ಲದವರೂ ಇದ್ದಾರೆ. ಅಪಘಾತ ಮಾಡಿದ ವಾಹನದ ಚಾಲಕ "ನಾನೇ ಆಸ್ಪತ್ರೆಗೆ ಸೇರಿಸಿದೆ" ಎಂದರೆ ಅವನ ಮೇಲಿನ ಕೇಸು ಹೋಗುವುದಿಲ್ಲ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು 134ನೇ ಕಲಂ ಪ್ರಕಾರ ಅವನ ಕರ್ತವ್ಯ. ನೆರವಿನ ಹೆಸರಲ್ಲಿ ಗಾಯಾಳುವಿನ ಪರ್ಸು, ಚಿನ್ನಕ್ಕೆ ಕೈ ಹಾಕಿದವರಿಗೂ ಇದು ಅನ್ವಯಿಸುವುದಿಲ್ಲ.

ರಿಕ್ಷಾ, ಜೀಪು, ಪಿಕಪ್ ಓಡಿಸುವವರಿಗೆ ಒಂದು ಮಾತು. ಪ್ರತಿಫಲದ ನಿರೀಕ್ಷೆ ಇಲ್ಲದೆ ಎಂದು ಕಾನೂನು ಹೇಳುತ್ತದೆ. ಮೊದಲೇ ಬಾಡಿಗೆ ಮಾತಾಡಿ ಹೊರಟರೆ ನಿಮ್ಮನ್ನು ಗುಡ್ ಸಮಾರಿಟನ್ ಎಂದು ಪರಿಗಣಿಸುವುದಕ್ಕೆ ತಕರಾರು ಬರಬಹುದು. ಸೀಟಿಗೆ ರಕ್ತ ಆಗುತ್ತದೆ, ಅರ್ಧ ದಿನದ ದುಡಿಮೆ ಹೋಗುತ್ತದೆ, ಅದು ನಿಜ. ಕೇಂದ್ರದ ಕಾನೂನಿನಲ್ಲಿ ಅದಕ್ಕೆ ಪರಿಹಾರ ಇಲ್ಲ. ಈ ಭಾರವನ್ನು ಪೇಟೆಯ ವರ್ತಕರ ಸಂಘ, ರಿಕ್ಷಾ ಚಾಲಕರ ಸಂಘಗಳು ಒಟ್ಟಾಗಿ ಹೊತ್ತುಕೊಂಡರೆ ಒಬ್ಬನ ಮೇಲೆ ಬೀಳುವುದಿಲ್ಲ.

ನೆರವಾಗದೆ ನಿಂತರೆ ತಪ್ಪಾ? ದಾರಿಹೋಕರಿಗೆ ನೆರವು ಕಡ್ಡಾಯ ಎನ್ನುವ ಕಾನೂನು ಇಲ್ಲ. ಮಾಡಿದವರಿಗೆ ತೊಂದರೆ ಆಗಬಾರದು ಎನ್ನುವುದಕ್ಕೆ ಮಾತ್ರ ಕಾನೂನು ಇದೆ.

ಆಸ್ಪತ್ರೆಯ ಕೌಂಟರಿನಲ್ಲಿ

ನೀವು ಗಾಯಾಳುವಿನ ಮನೆಯವರಲ್ಲ ಎಂದಾದರೆ ನೋಂದಣಿ, ದಾಖಲಾತಿಯ ಹಣವನ್ನು ನಿಮ್ಮಿಂದ ಕೇಳುವಂತಿಲ್ಲ. ಮನೆಯವರು ಬರುವವರೆಗೆ ನಿಲ್ಲಿ ಎಂದು ಹಿಡಿದಿಡುವಂತಿಲ್ಲ. ಸೇರಿಸಿದ ಕೂಡಲೇ ಹೊರಡಬಹುದು. ಇದು ಸರ್ಕಾರಿ ಆಸ್ಪತ್ರೆಗೂ ಖಾಸಗಿ ಆಸ್ಪತ್ರೆಗೂ ಒಂದೇ. ನೆರವಾದವರ ಹಕ್ಕುಗಳನ್ನು ಹೇಳುವ ಫಲಕವನ್ನು ಸ್ಥಳೀಯ ಭಾಷೆಯಲ್ಲೂ ಎಲ್ಲ ಆಸ್ಪತ್ರೆಗಳು ಬಾಗಿಲಿನ ಬಳಿ ಹಾಕಬೇಕು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಆ ಬೋರ್ಡ್ ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ.

ನೀವು ಬಯಸಿದರೆ, ಇಂತಹ ದಿನ, ಇಷ್ಟು ಗಂಟೆಗೆ ಗಾಯಾಳುವನ್ನು ತಂದು ಸೇರಿಸಿದ್ದೀರಿ ಎಂದು ಆಸ್ಪತ್ರೆಯವರು ಬರೆದು ಕೊಡಬೇಕು. ಆ ಚೀಟಿ ತೆಗೆದುಕೊಳ್ಳುವುದು ಒಳ್ಳೆಯದು. ಮುಂದೆ ಯಾರಾದರೂ ಬೇರೆ ಮಾತು ಎತ್ತಿದರೆ ಅದೇ ನಿಮ್ಮ ದಾಖಲೆ.

ಪೊಲೀಸರು ಬಂದಾಗ

112ಕ್ಕೆ ಫೋನ್ ಮಾಡಿದವರು ಹೆಸರು ಹೇಳಲೇಬೇಕು ಎಂದಿಲ್ಲ. ಸ್ಥಳಕ್ಕೆ ಬಂದ ಪೊಲೀಸರು ಹೆಸರು, ವಿಳಾಸ, ಫೋನ್ ನಂಬರ್ ಕೇಳಬಹುದು. ಕೊಡುವುದು ಬಿಡುವುದು ನಿಮ್ಮ ಇಷ್ಟ. ಅಪಘಾತವನ್ನು ಕಣ್ಣಾರೆ ಕಂಡವರು ವಿಳಾಸ ಕೊಟ್ಟು ಹೋಗಬೇಕು ಎಂದು 2015ರ ಮಾರ್ಗಸೂಚಿಯಲ್ಲಿತ್ತು. 2020ರ ನಿಯಮದಲ್ಲಿ ನೆರವಾದವರ ವೈಯಕ್ತಿಕ ವಿವರಕ್ಕೆ ಒತ್ತಾಯ ಮಾಡುವಂತಿಲ್ಲ ಎಂದೇ ಇದೆ.

ಆದರೆ ಒಂದು ವಿಷಯ ಯೋಚಿಸಬೇಕು. ಗುದ್ದಿದ ವಾಹನ ನಿಲ್ಲಿಸದೆ ಹೋಗಿದ್ದರೆ, ಅದರ ನಂಬರ್, ಬಣ್ಣ ನೋಡಿದವರು ನೀವೊಬ್ಬರೇ ಇರಬಹುದು. ನಿಮ್ಮ ಒಂದು ಹೇಳಿಕೆಯ ಮೇಲೆ ಆ ಮನೆಯವರ ಪರಿಹಾರ ನಿಂತಿರುತ್ತದೆ. ಸಾಕ್ಷಿ ಹೇಳಲು ನೀವಾಗಿಯೇ ಒಪ್ಪಿದರೆ ಅದಕ್ಕೂ ನಿಯಮ ಇದೆ:

- ನಿಮ್ಮ ಮನೆ, ಅಂಗಡಿ ಅಥವಾ ನಿಮಗೆ ಅನುಕೂಲವಾದ ಜಾಗದಲ್ಲಿ, ನಿಮಗೆ ಪುರುಸೊತ್ತಾಗುವ ಹೊತ್ತಿಗೆ ಹೇಳಿಕೆ ಪಡೆಯಬೇಕು.
- ಬರುವ ಪೊಲೀಸರು ಸಮವಸ್ತ್ರದಲ್ಲಿ ಬರಬಾರದು. ನೀವೇ ಠಾಣೆಗೆ ಬರಬೇಕು ಎಂದರೆ ಅದಕ್ಕೆ ಕಾರಣ ಬರೆದಿಡಬೇಕು.
- ಹೇಳಿಕೆ ಒಂದೇ ಸಲ. ಮತ್ತೆ ಮತ್ತೆ ಕರೆಯುವಂತಿಲ್ಲ.
- ಅಫಿಡವಿಟ್ ಮೂಲಕವೂ ಹೇಳಿಕೆ ಕೊಡಬಹುದು.
- ಕೋರ್ಟಿಗೆ ಹೋಗಲೇಬೇಕಾಗಿ ಬಂದರೆ ಅಲೆದಾಟದ ಖರ್ಚನ್ನು ನಿಧಿಯಿಂದ ಕೊಡುವ ವ್ಯವಸ್ಥೆ ಕರ್ನಾಟಕದ ಕಾಯ್ದೆಯಲ್ಲಿದೆ.

ಮಹಿಳೆಯರು, 60 ದಾಟಿದವರು, ಅಂಗವಿಕಲರನ್ನು ಸಾಕ್ಷಿಯಾಗಿ ಠಾಣೆಗೆ ಬನ್ನಿ ಎಂದು ಕರೆಯುವಂತಿಲ್ಲ. ಅವರ ಮನೆಗೇ ಬರಬೇಕು. ಇದು ಎಲ್ಲ ಕೇಸುಗಳಿಗೂ ಇರುವ ನಿಯಮ.

ಅಂಗಡಿಯ ಸಿಸಿಟಿವಿ

ವರ್ತಕರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ನಿಮ್ಮ ಕ್ಯಾಮೆರಾದಲ್ಲಿ ಅಪಘಾತ ದಾಖಲಾಗಿದ್ದರೆ ಪೊಲೀಸರು ಅದನ್ನು ಕೇಳಬಹುದು. ದಾಖಲೆ ಹಾಜರುಪಡಿಸಲು ಬರಹದಲ್ಲಿ ಸೂಚಿಸುವ ಅಧಿಕಾರ ಅವರಿಗಿದೆ. ಗುಡ್ ಸಮಾರಿಟನ್ ರಕ್ಷಣೆ ನಿಮ್ಮ ಹೆಸರಿಗೆ ಸಂಬಂಧಿಸಿದ್ದು, ಫೂಟೇಜಿಗೆ ಅಲ್ಲ. ಫೂಟೇಜ್ ಕೊಟ್ಟ ಮಾತ್ರಕ್ಕೆ ನೀವು ಆರೋಪಿ ಆಗುವುದೂ ಇಲ್ಲ. ಬಹಳಷ್ಟು ಮೆಷಿನ್‌ಗಳಲ್ಲಿ ಕೆಲವು ದಿನಗಳ ನಂತರ ಹಳೆಯದು ತಾನಾಗಿ ಅಳಿಸಿ ಹೋಗುತ್ತದೆ. ಹಾಗಾಗಿ ಅಂದೇ ಒಂದು ಪ್ರತಿ ತೆಗೆದಿಡಿ, ಕೊಡುವಾಗ ಒಂದು ಸ್ವೀಕೃತಿ ಬರೆಸಿಕೊಳ್ಳಿ. ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಬೇಡಿ. ಆ ಮನೆಯವರಿಗೆ ಸುದ್ದಿ ಮುಟ್ಟುವ ಮೊದಲೇ ವಿಡಿಯೊ ಮುಟ್ಟುವುದು ಯಾರಿಗೂ ಬೇಡ.

ಏನು ಮಾಡಬಹುದು, ಏನು ಮಾಡಬಾರದು

ಕಾನೂನು ರಕ್ಷಣೆ ಕೊಟ್ಟಿದೆ ಎಂದು ಗೊತ್ತಿಲ್ಲದ್ದನ್ನೆಲ್ಲ ಮಾಡಬೇಕೆಂದಿಲ್ಲ. ಇಷ್ಟು ಸಾಕು:

- ಮೊದಲು 108 ಅಥವಾ 112ಕ್ಕೆ ಕರೆ. ರಾಷ್ಟ್ರೀಯ ಹೆದ್ದಾರಿಯಾದರೆ 1033 ಕೂಡ ಇದೆ. ಜಾಗದ ಹೆಸರು, ಹತ್ತಿರದ ಗುರುತು ಸರಿಯಾಗಿ ಹೇಳಿ.
- ಹಿಂದಿನಿಂದ ಬರುವ ವಾಹನಗಳನ್ನು ನಿಧಾನ ಮಾಡಿಸಿ. ಮಳೆ, ಮಂಜು ಇರುವಾಗ ನೆರವಿಗೆ ಹೋದವರಿಗೇ ವಾಹನ ಗುದ್ದುವ ಅಪಾಯ ಇದೆ.
- ರಕ್ತ ಹೋಗುತ್ತಿದ್ದರೆ ಶುಭ್ರ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಬಟ್ಟೆ ಒದ್ದೆಯಾದರೆ ತೆಗೆಯಬೇಡಿ, ಮೇಲಿನಿಂದ ಇನ್ನೊಂದು ಇಡಿ.
- ಕುತ್ತಿಗೆ, ಬೆನ್ನಿಗೆ ಪೆಟ್ಟಾದ ಹಾಗಿದ್ದರೆ ಕೂರಿಸಬೇಡಿ, ಎಳೆಯಬೇಡಿ. ಬೆಂಕಿ ಅಥವಾ ಇನ್ನೊಂದು ವಾಹನದ ಅಪಾಯ ಇಲ್ಲದಿದ್ದರೆ ಆಂಬುಲೆನ್ಸ್ ಬರುವವರೆಗೆ ಅಲುಗಾಡಿಸದಿರುವುದೇ ಒಳ್ಳೆಯದು.
- ನೀರು, ಸೋಡಾ, ಚಾ ಏನೂ ಬಾಯಿಗೆ ಹಾಕಬೇಡಿ. ಇದು ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು. ಪ್ರಜ್ಞೆ ಇಲ್ಲದವರಿಗೆ ಶ್ವಾಸಕ್ಕೆ ಸಿಕ್ಕಿಕೊಳ್ಳುತ್ತದೆ, ಆಪರೇಷನ್ ಬೇಕಾದರೂ ತೊಂದರೆ.
- ಉಸಿರಾಟ ನಿಂತು ಪ್ರಜ್ಞೆ ಇಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಂದ, ನಿಮಿಷಕ್ಕೆ 100ರಿಂದ 120 ಸಲ, ಸುಮಾರು ಎರಡು ಇಂಚು ಆಳಕ್ಕೆ ಒತ್ತಬೇಕು. ಇದನ್ನು ಒಮ್ಮೆ ಕಲಿತವರಿಂದ ಕಲಿತಿರಿ.

ಅಪಘಾತ ಅಲ್ಲದಿದ್ದರೆ: ಹೊಳೆ, ಹಾವು, ಎದೆನೋವು

ನಮ್ಮ ಮೂರು ತಾಲೂಕಿನಲ್ಲಿ ತುರ್ತು ಎಂದರೆ ವಾಹನ ಅಪಘಾತ ಒಂದೇ ಅಲ್ಲ. ನೇತ್ರಾವತಿಯಲ್ಲಿ ಮುಳುಗಿದವರನ್ನು ಎತ್ತುವವರು ಇದ್ದಾರೆ. 2019ರ ಆಗಸ್ಟ್‌ನ ನೆರೆಯಲ್ಲಿ ಬೆಳ್ತಂಗಡಿಯ ಚಾರ್ಮಾಡಿ, ದಿಡುಪೆ ಭಾಗದಲ್ಲಿ ಮೊದಲು ನೆರವಿಗೆ ಇಳಿದದ್ದು ಊರವರೇ. ಈಗ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಶೌರ್ಯ ವಿಪತ್ತು ನಿರ್ವಹಣಾ ತಂಡಗಳಲ್ಲಿ ಊರೂರಿನ ಸ್ವಯಂಸೇವಕರಿದ್ದಾರೆ. ತೋಟದಲ್ಲಿ ಹಾವು ಕಚ್ಚಿದವರು, ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದು ಕುಸಿದವರು ಬೇರೆ.

ಮೋಟಾರು ವಾಹನ ಕಾಯ್ದೆಯ 134ಎ ಇವಕ್ಕೆಲ್ಲ ಅನ್ವಯಿಸುವುದಿಲ್ಲ, ಅದು ವಾಹನ ಅಪಘಾತಕ್ಕೆ ಮಾತ್ರ. ಕರ್ನಾಟಕದ ಕಾಯ್ದೆ ಉಪಯೋಗಕ್ಕೆ ಬರುವುದು ಇಲ್ಲಿ. ಅದರ ಹೆಸರಿನಲ್ಲೇ 'ತುರ್ತು ಪರಿಸ್ಥಿತಿ' ಎಂದಿದೆ. ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ಇದೆ: ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರ ಒಳಿತಿಗಾಗಿ, ಸದುದ್ದೇಶದಿಂದ ಮಾಡಿದ ಕೆಲಸ ಅಪರಾಧವಲ್ಲ. ಹಳೆಯ ಐಪಿಸಿಯಲ್ಲಿ ಇದು 92ನೇ ಕಲಂ ಆಗಿತ್ತು. ಎಂದರೆ ಬ್ರಿಟಿಷರ ಕಾಲದಿಂದಲೂ ಇದ್ದದ್ದೇ.

ಹಾವು ಕಚ್ಚಿದ ಜಾಗ ಕೊಯ್ಯುವುದು, ಹಗ್ಗದಿಂದ ಬಿಗಿಯುವುದು ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಕೈಕಾಲು ಅಲುಗದಂತೆ ಆಸ್ಪತ್ರೆಗೆ ಒಯ್ಯಿರಿ. ನೀರಿನಿಂದ ಎತ್ತಿದವರ ಹೊಟ್ಟೆ ಒತ್ತಿ ನೀರು ತೆಗೆಯಲು ಹೊತ್ತು ಕಳೆಯಬೇಡಿ, ಉಸಿರಾಟ ಇದೆಯಾ ಎಂದು ಮೊದಲು ನೋಡಿ.

ಖರ್ಚು ಯಾರದು? ಬಹುಮಾನ ಇದೆಯಾ?

"ದುಡ್ಡು ಯಾರು ಕಟ್ಟುವುದು?" ಎಂಬ ಹೆದರಿಕೆಗೆ ಈಗ ಸರ್ಕಾರದ ಉತ್ತರವೂ ಇದೆ. 2016ರಲ್ಲಿ ನೆಲಮಂಗಲ ಬಳಿ ಅಪಘಾತದಲ್ಲಿ ದೇಹ ಎರಡಾಗಿದ್ದರೂ ಅಂಗದಾನ ಮಾಡಿ ಎಂದು ಕೇಳಿಕೊಂಡ ಯುವಕನ ಹೆಸರಿನಲ್ಲಿ ರಾಜ್ಯ ಸರ್ಕಾರ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ ತಂದಿತು. ಮೊದಲ 48 ಗಂಟೆಯ ತುರ್ತು ಚಿಕಿತ್ಸೆಗೆ 25,000 ರೂ. ತನಕ ಅದರ ಉದ್ದೇಶ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ 1.5 ಲಕ್ಷ ರೂ. ತನಕ ಚಿಕಿತ್ಸೆ ಸಿಗಬೇಕು. ಗಾಯಾಳುವಿನ ಮನೆಯವರಿಗೆ ಈ ಮಾತು ಹೇಳಿದರೆ ಅದೂ ಒಂದು ಉಪಕಾರ.

ನೆರವಾದವರಿಗೆ ಕೇಂದ್ರ ಸರ್ಕಾರ 2021ರಲ್ಲಿ 5,000 ರೂ. ಬಹುಮಾನ ಘೋಷಿಸಿತ್ತು. 2025ರಲ್ಲಿ ಅದನ್ನು 'ರಾಹ್‌ವೀರ್' ಎಂಬ ಹೆಸರಿನಲ್ಲಿ 25,000 ರೂ.ಗೆ ಏರಿಸಿತು. ಗಂಭೀರ ಗಾಯಗೊಂಡವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿರಬೇಕು. ಪೊಲೀಸರು ಆಸ್ಪತ್ರೆಯಿಂದ ಖಚಿತಪಡಿಸಿಕೊಂಡು ಸ್ವೀಕೃತಿ ಪತ್ರ ಕೊಡುತ್ತಾರೆ, ಜಿಲ್ಲಾಧಿಕಾರಿ ನೇತೃತ್ವದ ಸಮಿತಿ ತೀರ್ಮಾನ ಮಾಡುತ್ತದೆ. ಇದಕ್ಕೆ ಹೆಸರು, ವಿಳಾಸ ಕೊಡಲೇಬೇಕು. ಬೇಡವೆಂದರೆ ಹೆಸರು ಹೇಳದೆ ಹೊರಡುವ ಹಕ್ಕು ಇದ್ದೇ ಇದೆ.

ಯಾರಾದರೂ ತೊಂದರೆ ಕೊಟ್ಟರೆ

ಕೌಂಟರಿನಲ್ಲಿ ಕೂತವರಿಗೆ, ರಾತ್ರಿ ಪಾಳಿಯ ಸಿಬ್ಬಂದಿಗೆ ಈ ನಿಯಮಗಳೆಲ್ಲ ಗೊತ್ತಿರುತ್ತವೆ ಎಂದು ಹೇಳಲಾಗದು. ಜಗಳ ಬೇಡ. "134ಎ ಪ್ರಕಾರ ನಾನು ಗುಡ್ ಸಮಾರಿಟನ್, ಹೊರಡುತ್ತೇನೆ" ಎಂದು ಶಾಂತವಾಗಿ ಹೇಳಿ. ಅದಕ್ಕೂ ಬಗ್ಗದಿದ್ದರೆ ದಿನ, ಹೊತ್ತು, ಜಾಗ ಬರೆದಿಟ್ಟುಕೊಂಡು ಮೇಲಿನವರಿಗೆ ದೂರು ಕೊಡಿ. ಬಂಟ್ವಾಳ, ಬೆಳ್ತಂಗಡಿಯ ಠಾಣೆಗಳ ವಿಷಯವಾದರೆ ದಕ್ಷಿಣ ಕನ್ನಡ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ. ಮೂಡುಬಿದಿರೆ ಠಾಣೆ ಮಂಗಳೂರು ನಗರ ಪೊಲೀಸ್ ಕಮಿಷನರೇಟ್ ವ್ಯಾಪ್ತಿಯಲ್ಲಿರುವ ಕಾರಣ ಅಲ್ಲಿನ ದೂರು ಕಮಿಷನರ್ ಕಚೇರಿಗೆ. ಆಸ್ಪತ್ರೆಯ ವಿಷಯವಾದರೆ ಜಿಲ್ಲಾ ಆರೋಗ್ಯಾಧಿಕಾರಿ ಅಥವಾ ಜಿಲ್ಲಾಧಿಕಾರಿಗೆ.

ಅಂಗಡಿಯಲ್ಲಿ ಅಂಟಿಸಿಡಲು

ಕ್ಯಾಶ್ ಕೌಂಟರಿನ ಹಿಂದೆ, ರಿಕ್ಷಾ ಸ್ಟ್ಯಾಂಡಿನ ಬೋರ್ಡಿನಲ್ಲಿ ಬರೆದಿಡಬಹುದು:

1. ಕರೆ: 108, 112. ಹೆದ್ದಾರಿಯಲ್ಲಿ 1033.
2. ರಕ್ತ ಒತ್ತಿ ಹಿಡಿ. ನೀರು ಕುಡಿಸಬೇಡ. ಕುತ್ತಿಗೆ ಅಲುಗಿಸಬೇಡ.
3. ಹತ್ತಿರದ ಆಸ್ಪತ್ರೆ. ದುಡ್ಡು ಕಟ್ಟಬೇಕಿಲ್ಲ, ಕಾಯಬೇಕಿಲ್ಲ.
4. ಹೆಸರು ಕೊಡುವುದು ನಮ್ಮ ಇಷ್ಟ. ಸೇರಿಸಿದ ಚೀಟಿ ಕೇಳಿ ಪಡೆಯುವುದು.
5. ಮೋಟಾರು ವಾಹನ ಕಾಯ್ದೆ, ಕಲಂ 134ಎ.

ಮಳೆಗಾಲ ಶುರುವಾಗುವ ಮೊದಲು ನಿಮ್ಮ ಪೇಟೆಯ ಸಂಘದ ಒಂದು ಮೀಟಿಂಗಿನಲ್ಲಿ ಈ ಐದು ಸಾಲು ಓದಿಸಿ. ಭಾರತೀಯ ರೆಡ್‌ಕ್ರಾಸ್‌ನವರನ್ನೋ ಹತ್ತಿರದ ಆಸ್ಪತ್ರೆಯ ವೈದ್ಯರನ್ನೋ ಕರೆಸಿ ಒಂದು ಗಂಟೆ ಪ್ರಥಮ ಚಿಕಿತ್ಸೆ ಕಲಿತರೆ ಇನ್ನೂ ಒಳ್ಳೆಯದು. ನಾಳೆ ಬೀಳುವವರು ಯಾರೋ ಪರವೂರಿನವರೇ ಆಗಿರಬೇಕೆಂದಿಲ್ಲ. ನಮ್ಮ ಮನೆಯ ಮಕ್ಕಳೂ ಇದೇ ರಸ್ತೆಯಲ್ಲಿ ಕಾಲೇಜಿಗೆ ಹೋಗಿ ಬರುವವರು.